ವಂಶವಾಹಿಯ ಶೋಧವೂ ಅಪಸ್ಮಾರದ ಚಿಕಿತ್ಸೆಯೂ



ಎಣ್ಣೆ ಹಚ್ಚಿಸಿಕೊಂಡು ಬಚ್ಚಲಲ್ಲಿ ಕುಳಿತ ಮಗುವಿನ ನೆತ್ತಿಯ ಮೇಲೆ ತಾಯಿ ಹಂಡೆಯ ಬಿಸಿನೀರನ್ನು ತಂಬಿಗೆಯ ಮೇಲೆ ತಂಬಿಗೆಯಾಗಿ ಎರೆಯುತ್ತಿರಲು, ಆ ಮಗು ಇದ್ದಕ್ಕಿದ್ದಂತೆ ದೃಷ್ಟಿ ನೆಟ್ಟು, ಕರೆದರೆ ಓಗೊಡದೆ, ಮೈ ಸೆಟೆದು ಉರುಳುವಂತಹ ಅಪಸ್ಮಾರವೊಂದು ಮೈಸೂರು ಸೀಮೆಯಲ್ಲಿ ಲೋಕದ ಬೇರೆಡೆಗಳಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಡಾ. ಕೆ. ಎಸ್. ಮಣಿಯವರೂ ಅವರ ಸಹೋದ್ಯೋಗಿಗಳೂ 1968ರಲ್ಲಿ ಇದನ್ನು ವೈದ್ಯಲೋಕದ ಗಮನಕ್ಕೆ ತಂದರು, ಬೆಂಗಳೂರಿನ ನರರೋಗ ಆಸ್ಪತ್ರೆಯಾದ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಕೆಲವು ಮನೆತನಗಳಲ್ಲಿ ಹಲವರಿಗೆ ಈ ಬಾಧೆಯಿರುವುದನ್ನು ಕಂಡಾಗ, ನೀರು ನಿಮಿತ್ತವಾದರೂ ಮೂಲವು ವಂಶದಲ್ಲಿದ್ದೀತೆಂಬ ಶಂಕೆ ಬಲವಾಯಿತು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ಬಳಗವು ನಿಮ್ಹಾನ್ಸ್ ವೈದ್ಯರೊಡಗೂಡಿ ಇಂಥ ಮನೆತನಗಳ ವಂಶವೃಕ್ಷವನ್ನು ಬರೆದುಕೊಂಡು, ರಕ್ತದ ಮಾದರಿಗಳನ್ನು ಪರೀಕ್ಷಿಸಿ, 10ನೆಯ ಮತ್ತು 4ನೆಯ ವರ್ಣತಂತುಗಳಲ್ಲಿ ದೋಷದ ನೆಲೆಗಳನ್ನು ಗುರುತಿಸಿತು. 2017ರಲ್ಲಿ ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯಲ್ಲಿನ ವಿರಳ ಮಾರ್ಪಾಟುಗಳನ್ನು ವರದಿಮಾಡಿತು. ನರಕೋಶಗಳನ್ನು ಉದ್ರೇಕಿಸುವ ಗ್ಲುಟಮೇಟ್ ತನ್ನ ಕಾರ್ಯ ಮುಗಿಸಿದೊಡನೆ ಅದನ್ನು ಒಳಸೆಳೆದುಕೊಳ್ಳುವ ಪ್ರೋಟೀನು ಈ ವಂಶವಾಹಿಯಿಂದ ಹುಟ್ಟುತ್ತದೆ. ಅದರ ಶಕ್ತಿ ಕುಂದಿದರೆ ಮಿದುಳಿನ ಉದ್ರೇಕವು ಮಿತಿಮೀರುವ ಸಂಭವವುಂಟು. ಇಂದು ಈ ರೋಗಿಗಳಿಗೆ ನೀರಿನ ಬಿಸಿಯನ್ನು ತಗ್ಗಿಸುವುದೂ ಅಗತ್ಯವಿದ್ದವರಿಗೆ ಸ್ನಾನದ ಮುನ್ನ ಕ್ಲೋಬಜಾಮ್ ಮಾತ್ರೆ ಕೊಡುವುದೂ ಉಪಾಯ. ದೋಷದ ಬುಡಕ್ಕೇ ನಾಟುವ ಔಷಧವನ್ನು ಅರಸುವವರಿಗೆ ಈ ಜ್ಞಾನವೇ ಆಧಾರ.

ಬೇರೆ ಕೆಲವು ಅಪಸ್ಮಾರಗಳಲ್ಲಿ ಅಂಥ ಅರಿವು ಆಗಲೇ ಫಲ ಕೊಟ್ಟಿದೆ. 2001ರಲ್ಲಿ ಎಸ್‌ಸಿಎನ್1ಎ ವಂಶವಾಹಿಯ ದೋಷವು ಡ್ರಾವೆ ರೋಗವೆಂಬ ಎಳೆಯ ಮಕ್ಕಳ ಉಗ್ರ ಅಪಸ್ಮಾರದ ಮೂಲವೆಂದು ಪತ್ತೆಯಾದ ಮೇಲೆ, ಎಲ್ಲೆಡೆ ಬಳಕೆಯಲ್ಲಿರುವ ಕಾರ್ಬಮಜೆಪಿನ್ ಔಷಧವು ಆ ಮಕ್ಕಳಲ್ಲಿ ಸೆಳವನ್ನು ಏಕೆ ಉಲ್ಬಣಗೊಳಿಸುವುದೆಂಬುದು ತಿಳಿಯಾಯಿತು. 2006ರಲ್ಲಿ ಕಂಡುಹಿಡಿದ ಎಎಲ್‌ಡಿಎಚ್7ಎ1 ವಂಶವಾಹಿಯ ದೋಷವುಳ್ಳ ಶಿಶುಗಳಲ್ಲಿ, ಇತರ ಔಷಧಗಳು ಸೋತ ಸೆಳವನ್ನು ಅಗ್ಗದ ಬಿ6 ಜೀವಸತ್ವವು ಹಿಡಿತಕ್ಕೆ ತರುತ್ತದೆ. ತಂದೆತಾಯಿಗಳಿಬ್ಬರಿಂದಲೂ ದೋಷವು ಬಂದಾಗಲೇ ಈ ರೋಗ ತಲೆದೋರುವುದರಿಂದ, ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ವಾಡಿಕೆಯುಳ್ಳ ನಮ್ಮ ಸೇಡಂ, ಚಿಂಚೋಳಿ ಭಾಗಕ್ಕೆ ಇದು ದೂರದ ಮಾತಲ್ಲ.

ಆದರೆ ಮಹನೀಯರೆ, ವಂಶವಾಹಿಯ ಶೋಧವು ಮನೆಯವರು ಬಾಯಿಬಿಟ್ಟು ಸತ್ಯ ನುಡಿದಲ್ಲಿಂದಲೇ ಆರಂಭವಾಗತಕ್ಕದ್ದು. ಪದೇಪದೇ ಬರುವ ಅಪಸ್ಮಾರವು ವಿವಾಹಕ್ಕೆ ಬಾಧಕವೆಂದು 1976ರಲ್ಲಿ ಹಿಂದೂ ವಿವಾಹ ಕಾಯಿದೆಗೆ ಸೇರಿಸಿದ್ದ ಮಾತನ್ನು ಸಂಸತ್ತು 1999ರಲ್ಲಿ ತೆಗೆದುಹಾಕಿತು. ನಮ್ಮ ಮನಸ್ಸಿನಿಂದ ಅದು ಇನ್ನೂ ತೊಲಗಿಲ್ಲ. ಸಂಬಂಧ ಕುದುರದೆಂಬ ಅಂಜಿಕೆಯಿಂದ ಮಗಳ ಸೆಳವನ್ನು ಮುಚ್ಚಿಡುವ ಮನೆಯು, ಅವಳಿಗೆ ಹುಟ್ಟುವ ಕೂಸಿನ ಚಿಕಿತ್ಸೆಗೆ ಬೇಕಾದ ಸುಳಿವನ್ನೂ ಮುಚ್ಚಿಟ್ಟಂತಾಗುತ್ತದೆ. ಆದುದರಿಂದ, ಶಹಾಬಾದಿನ ಫರಸಿ ಗಣಿಯಲ್ಲಿ ದುಡಿಯುವವರಾಗಲಿ, ಚಿಂಚೋಳಿಯ ತೊಗರಿ ಬೆಳೆವ ಒಕ್ಕಲಿಗರಾಗಲಿ, ವೈದ್ಯರೆದುರು ಕುಳಿತಾಗ ಅಜ್ಜನಿಂದ ಮೊಮ್ಮಗನವರೆಗೆ ಯಾರುಯಾರಿಗೆ ಈ ಬಾಧೆಯಿತ್ತೆಂಬುದನ್ನೂ, ಗಂಡಹೆಂಡಿರು ರಕ್ತಸಂಬಂಧಿಗಳಾಗಿದ್ದರೆ ಅದನ್ನೂ ನಿಸ್ಸಂಕೋಚವಾಗಿ ತಿಳಿಸಿರಿ. ಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸದಿರಿ. ಇಷ್ಟು ಮಾಡಿದವರು ತಮ್ಮ ಮಗುವಿಗಷ್ಟೇ ಅಲ್ಲ, ಕಾಣದ ಊರಿನ ಮಗುವಿಗೂ ಉಪಕಾರ ಮಾಡಿದವರಾಗುತ್ತಾರೆ.