ಆಯಿಲ್ ಸೋರಿದ್ರೆ ಸೀಲ್‌ದೇ ತಪ್ಪಾ? ಲಾರಿ ಎಂಜಿನ್ ಉಸಿರುಗಟ್ಟಿದ ಕಥೆ

ಇವತ್ತು ಒಂದು ಫಿಲ್ಟರ್ ವಿಷಯ. ಏರ್ ಫಿಲ್ಟರ್ ಅಲ್ಲ, ಆಯಿಲ್ ಫಿಲ್ಟರ್ ಅಲ್ಲ, ಡೀಸೆಲ್ ಫಿಲ್ಟರೂ ಅಲ್ಲ. ಕ್ರ್ಯಾಂಕ್‌ಕೇಸ್ ಬ್ರೀದರ್ ಫಿಲ್ಟರ್.

ನಮ್ಮ ಸೋದರಮಾವನ ಹತ್ರ ಒಂದು ಬಿಎಸ್ 6 ಲಾರಿ ಇದೆ. ಸಾಲದ ಕಂತು ಇನ್ನೂ ಮುಗಿದಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರೋ ಜಾಗದಲ್ಲಿ ಆಯಿಲ್ ಸೋರೋಕೆ ಶುರುವಾಯ್ತು. ಒಂದು ಗ್ಯಾರೇಜಲ್ಲಿ ಗೇರ್‌ಬಾಕ್ಸ್ ಇಳಿಸಿ ಹಿಂದಿನ ಆಯಿಲ್ ಸೀಲ್ ಬದಲಾಯಿಸಿದ್ರು. ಕೆಲವೇ ವಾರದಲ್ಲಿ ಮತ್ತೆ ಸೋರಿಕೆ. ಎರಡನೇ ಗ್ಯಾರೇಜಿನವರು ಆಯಿಲ್ ಕ್ಯಾಪ್ ತೆಗೆದು, ಹೊಗೆ ನೋಡಿ, ‘ಬ್ಯಾಕ್ ಕಂಪ್ರೆಶನ್ ಜಾಸ್ತಿ ಇದೆ, ರಿಂಗ್ ಹೋಗಿವೆ, ಎಂಜಿನ್ ಇಳಿಸಬೇಕು’ ಅಂದ್ರು. ಎಂಜಿನ್ ಕೆಲಸ ಅಂದ್ರೆ ಲಕ್ಷಗಳ ಮಾತು. ಲಾರಿ ನಿಂತರೂ ಕಂತು ನಿಲ್ಲಲ್ಲವಲ್ಲ! ಮಾವ ಎರಡು ರಾತ್ರಿ ನಿದ್ದೆ ಮಾಡಲಿಲ್ಲ.

ಬ್ಯಾಕ್ ಕಂಪ್ರೆಶನ್ ಅಂದ್ರೆ ಏನು? ಸಿಲಿಂಡರ್ ಒಳಗೆ ಡೀಸೆಲ್ ಉರಿದಾಗ ಸ್ವಲ್ಪ ಗ್ಯಾಸು ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗೆ, ಆಯಿಲ್ ಇರೋ ಕಡೆಗೆ ನುಸುಳುತ್ತೆ. ಹೊಸ ಎಂಜಿನ್ನಲ್ಲೂ ಇದು ಇದ್ದದ್ದೇ. ಆ ಗ್ಯಾಸು ಹೊರಗೆ ಹೋಗೋಕೆ ದಾರಿ ಬೇಕು. ಹಳೇ ಲಾರಿಗಳಲ್ಲಿ ಒಂದು ಪೈಪು ನೆಲದ ಕಡೆ ತೆರೆದಿರ್ತಿತ್ತು, ಹೊಗೆ, ಆಯಿಲ್ ಹನಿ ಎಲ್ಲಾ ರಸ್ತೆಗೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್ 6 ಬಂತು. ಈಗಿನ ಎಷ್ಟೋ ಎಂಜಿನ್‌ಗಳಲ್ಲಿ ಆ ಗ್ಯಾಸು ಒಂದು ಫಿಲ್ಟರ್ ಮೂಲಕ ಹಾದು, ಆಯಿಲ್ ಮಂಜನ್ನ ಅಲ್ಲೇ ಬಿಟ್ಟು, ಟರ್ಬೋ ಬಾಯಿಗೆ ವಾಪಸ್ ಹೋಗುತ್ತೆ.

ಆ ಫಿಲ್ಟರ್ ಮಸಿ, ಜಿಡ್ಡಿನಿಂದ ಕಟ್ಟಿಕೊಂಡ್ರೆ ಒಳಗೆ ಒತ್ತಡ ಏರುತ್ತೆ. ಗ್ಯಾಸು ಬಲಹೀನ ಜಾಗ ಹುಡುಕುತ್ತೆ: ಆಯಿಲ್ ಸೀಲ್, ಟ್ಯಾಪೆಟ್ ಕವರ್ ಪ್ಯಾಕಿಂಗ್, ಗೇಜ್ ಕಡ್ಡಿಯ ತೂತು. ಟರ್ಬೋದಿಂದ ಆಯಿಲ್ ಸರಿಯಾಗಿ ಕೆಳಗೆ ಇಳಿಯಲ್ಲ, ಅಲ್ಲೂ ಸೋರುತ್ತೆ. ಆಮೇಲೆ ನಾವು ಪಾಪ ಸೀಲನ್ನ ಬೈತೀವಿ.

ಮೂರನೇ ಕಡೆ ಒಬ್ಬ ವಯಸ್ಸಾದ ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ. ‘ಬ್ರೀದರ್ ಫಿಲ್ಟರ್ ಯಾವಾಗ ಹಾಕಿಸಿದ್ದು?’ ಮಾವನಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ.

ಕೆಲಸ ದೊಡ್ಡದೇನಲ್ಲ. ಎಂಜಿನ್ ಆಫ್ ಮಾಡಿ ಆರೋಕೆ ಬಿಟ್ರು. ಹೌಸಿಂಗ್ ಸುತ್ತ ಧೂಳು ಒರೆಸಿದ್ರು, ಯಾಕಂದ್ರೆ ಮುಚ್ಚಳ ತೆಗೆದಾಗ ಮಣ್ಣು ಒಳಗೆ ಬಿದ್ರೆ ನೇರ ಎಂಜಿನ್ನಿಗೆ. ಹಳೇ ಎಲಿಮೆಂಟ್ ಕಪ್ಪಗೆ, ಹಿಂಡಿದ್ರೆ ಆಯಿಲ್ ಸುರಿಯೋ ಹಾಗಿತ್ತು. ಹೊಸ ಓ ರಿಂಗ್‌ಗೆ ಸ್ವಲ್ಪ ಹೊಸ ಆಯಿಲ್ ಸವರಿ, ಹೊಸ ಎಲಿಮೆಂಟ್ ಕೂರಿಸಿ, ಬೋಲ್ಟನ್ನ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಟೈಟ್ ಮಾಡಿದ್ರು. ಕವರ್ ಪ್ಲಾಸ್ಟಿಕ್ ಆಗಿದ್ರೆ ಜಾಸ್ತಿ ಬಿಗಿದ್ರೆ ಸೀಳುತ್ತೆ. ಆಮೇಲೆ ಅವರು ಮಾಡಿದ್ದು ಬಹಳ ಜನ ಮರೆಯೋ ಕೆಲಸ: ಫಿಲ್ಟರಿನಿಂದ ಆಯಿಲ್ ಚೇಂಬರಿಗೆ ವಾಪಸ್ ಇಳಿಯೋ ಸಣ್ಣ ಪೈಪು ಕಟ್ಟಿದೆಯಾ ಅಂತ ನೋಡಿದ್ದು. ಅದು ಕಟ್ಟಿದ್ರೆ ಹೊಸ ಫಿಲ್ಟರೂ ಬೇಗ ತುಂಬುತ್ತೆ.

ಹಳೇದನ್ನೇ ಡೀಸೆಲ್‌ನಲ್ಲಿ ತೊಳೆದು, ಗಾಳಿ ಹೊಡೆದು ಹಾಕ್ತೀನಿ ಅನ್ನೋರಿದ್ದಾರೆ. ಆ ಕಾಗದದಂಥ ಪದರ ಅದಕ್ಕೆ ಆಗಿ ಬರಲ್ಲ. ಇನ್ನೊಂದು ಜುಗಾಡ್ ಇನ್ನೂ ಅಪಾಯ: ಪೈಪು ಕಿತ್ತು ಕೆಳಗೆ ಬಿಡೋದು. ಟರ್ಬೋ ಕಡೆ ತೂತು ತೆರೆದೇ ಉಳಿದ್ರೆ ಏರ್ ಫಿಲ್ಟರ್ ದಾಟದ ಧೂಳು ನೇರ ಒಳಗೆ. ಆಮೇಲೆ ರಿಂಗ್ ನಿಜಕ್ಕೂ ಹೋಗುತ್ತೆ.

ಹಾಗಂತ ಎಲ್ಲಾ ಸೋರಿಕೆಗೂ ಇದೇ ಕಾರಣ ಅಂತಲ್ಲ. ಹೊಸ ಫಿಲ್ಟರ್ ಹಾಕಿದ ಮೇಲೂ ಒತ್ತಡ ಇಳಿಯದಿದ್ರೆ ರಿಂಗ್, ಟರ್ಬೋ, ಜೊತೆಗೆ ಬ್ರೇಕಿನ ಏರ್ ಕಂಪ್ರೆಸರ್ ನೋಡಬೇಕು. ಸವೆದ ಕಂಪ್ರೆಸರ್ ಕೂಡ ಗಾಳಿಯನ್ನ ಎಂಜಿನ್ ಒಳಗೆ ತಳ್ಳುತ್ತೆ. ಕೆಲವು ಎಂಜಿನ್‌ಗಳಲ್ಲಿ ಈ ಫಿಲ್ಟರೇ ಇರಲ್ಲ, ತಿರುಗೋ ಸೆಪರೇಟರ್ ಇರುತ್ತೆ. ನಿಮ್ಮ ಗಾಡಿದು ಯಾವುದು, ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಅನ್ನೋದು ಸರ್ವಿಸ್ ಬುಕ್ಕಲ್ಲಿರುತ್ತೆ.

ಮಾವನ ಎಂಜಿನ್ ಇಳಿಸಲಿಲ್ಲ. ಸೀಲ್ ಮಾತ್ರ ಇನ್ನೊಮ್ಮೆ ಹಾಕಿಸಬೇಕಾಯ್ತು, ಆ ಖರ್ಚು ತಪ್ಪಲಿಲ್ಲ. ಈಗ ಕ್ಯಾಬಿನ್‌ನಲ್ಲಿ ದೇವರ ಫೋಟೋ ಪಕ್ಕ ಒಂದು ಸ್ಟಿಕರ್ ಇದೆ, ಅದರ ಮೇಲೆ ಫಿಲ್ಟರ್ ಹಾಕಿಸಿದ ದಿನದ ಕಿಲೋಮೀಟರ್.