ತೊಟ್ಟಿಲು ಮತ್ತು ತಕ್ಕಡಿ: ‘ತೂಗು’ ಎಂಬ ಮಾತು

ಕನ್ನಡದಲ್ಲಿ ತೊಟ್ಟಿಲನ್ನೂ ತೂಗುತ್ತೇವೆ, ಬೆಲ್ಲವನ್ನೂ ತೂಗುತ್ತೇವೆ. ಒಂದು ಅತ್ತಿತ್ತ ಆಡಿಸುವುದು, ಇನ್ನೊಂದು ಭಾರ ನೋಡುವುದು. ಇವು ಉಚ್ಚಾರಣೆಯಲ್ಲಿ ಮಾತ್ರ ಒಂದಾದ ಎರಡು ಬೇರೆ ಪದಗಳಿರಬಹುದಲ್ಲ ಎಂದು ಯಾರಾದರೂ ಕೇಳಿದರೆ ತಪ್ಪೇನಿಲ್ಲ. ಆದರೆ ನೆರೆಯ ನುಡಿಗಳು ಹಾಗೆನ್ನಲು ಬಿಡುವುದಿಲ್ಲ. ತಮಿಳಿನ ‘ತೂಂಗು’ ಎಂದರೆ ನೇತಾಡುವುದು, ಓಲಾಡುವುದು, ನಿದ್ದೆ ಮಾಡುವುದು. ಅದರ ಜೋಡಿ ‘ತೂಕ್ಕು’ ಎಂದರೆ ಎತ್ತುವುದು, ತೂಗಿ ನೋಡುವುದು. ಮಲಯಾಳದ ‘ತೂಕ್ಕಂ’ ನಮ್ಮ ತೂಕವೇ. ಬರೋ ಮತ್ತು ಎಮೆನೋ 1961ರಲ್ಲಿ ಹೊರತಂದ ದ್ರಾವಿಡ ನಿಘಂಟಿನಲ್ಲಿ ಇವೆಲ್ಲ ಒಂದೇ ಕುಟುಂಬ. ಜೋತುಬೀಳುವುದು ಮೊದಲು, ಆಟವೂ ತೂಕವೂ ಆಮೇಲಿನವು ಎಂದೇ ನನ್ನ ಎಣಿಕೆ. ನಿದ್ದೆಯ ಅರ್ಥವನ್ನು ನಾವು ಬಹುಮಟ್ಟಿಗೆ ಬಿಟ್ಟುಕೊಟ್ಟರೂ ‘ತೂಕಡಿಸು’ವಲ್ಲಿ ಕುಳಿತವನ ತಲೆ ಇನ್ನೂ ಜೋಲುತ್ತಿದೆ, ಉಪನ್ಯಾಸದ ಸಭೆಯಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ.

ಭಾರ ನೋಡಲು ಏನನ್ನಾದರೂ ನೇತುಹಾಕಲೇಬೇಕಲ್ಲ, ಇದರಲ್ಲಿ ಕನ್ನಡದ ಹೆಚ್ಚುಗಾರಿಕೆ ಏನು ಎಂಬುದು ಇನ್ನೊಂದು ಆಕ್ಷೇಪ. ಲ್ಯಾಟಿನ್ನಿನಲ್ಲೂ ನೇತಾಡುವುದಕ್ಕೂ ತೂಗುವುದಕ್ಕೂ ಒಂದೇ ಬೇರು, ನಿಜ. ನನ್ನ ವಾದ ಬೇರೆ: ಅತ್ತಿತ್ತ ಆಡುವ ಎಲ್ಲವನ್ನೂ ನಾವು ತೂಗುವುದು ಎನ್ನುವುದಿಲ್ಲ. ಕುಡಿದವನು ತೂರಾಡುತ್ತಾನೆ, ತೆನೆ ತೊನೆಯುತ್ತದೆ, ದೋಣಿ ಓಲಾಡುತ್ತದೆ, ಮನಸ್ಸು ಹೊಯ್ದಾಡುತ್ತದೆ. ತೂಗುವುದಕ್ಕೆ ಮೇಲೊಂದು ಹಿಡಿತ ಬೇಕು. ತೊಟ್ಟಿಲಿಗೆ ಜಂತಿ, ತಕ್ಕಡಿಗೆ ನಡುವಿನ ಹುರಿ. ಸಂತೆಯಲ್ಲಿ ಒಂದು ತಟ್ಟೆಗೆ ಬಟ್ಟು, ಇನ್ನೊಂದಕ್ಕೆ ಮೆಣಸಿನಕಾಯಿ ಬಿದ್ದಾಗ ದಂಡಿಗೆ ಒಮ್ಮೆ ಇತ್ತ, ಒಮ್ಮೆ ಅತ್ತ ವಾಲುತ್ತದೆ. ಮುಳ್ಳು ನಡುವಿಗೆ ಬಂದು ನಿಂತ ಮೇಲೇ ಭಾರ ಗೊತ್ತಾಗುವುದು. ಆಟವಿಲ್ಲದೆ ಅಳತೆಯಿಲ್ಲ. ಹೊಯ್ದಾಡುವವನನ್ನು ಚಂಚಲ ಎನ್ನುವ ನಾವೇ ‘ಅಳೆದು ತೂಗಿ’ ಮಾತಾಡುವವನನ್ನು ಗೌರವಿಸುವುದು ಇದರಿಂದಲೇ ಇರಬೇಕು.

‘ತಲೆದೂಗು’ ಮಾತ್ರ ಈ ವಾದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ತಲೆ ಮೇಲಿನಿಂದ ನೇತಾಡುವುದಿಲ್ಲ, ಕತ್ತಿನ ಮೇಲೆ ಕೂತಿದೆ. ಹಾಗಾಗಿ ‘ಮೇಲೊಂದು ಹಿಡಿತ’ ಎಂದದ್ದನ್ನು ‘ಕದಲದ ಒಂದು ನೆಲೆ’ ಎಂದು ಸಡಿಲಿಸುತ್ತೇನೆ. ಆಲಾಪನೆಗೆ ತಲೆದೂಗುವ ರಸಿಕನ ಮೈ ಅಲುಗುವುದಿಲ್ಲ, ತಲೆ ಮಾತ್ರ ಆಡುತ್ತದೆ. ಇನ್ನು ತಕ್ಕಡಿಗೇ ಮರಳಿದರೆ, ಇಂದು ಅಂಗಡಿಯಲ್ಲಿರುವುದು ವಿದ್ಯುತ್ ತಕ್ಕಡಿ. ಹುರಿಯಿಲ್ಲ, ಮುಳ್ಳಿಲ್ಲ, ಆದರೂ ‘ತೂಗಿ ಕೊಡಿ’ ಎನ್ನುತ್ತೇವೆ. ಬೇಳೆ ಸುರಿದ ಕೂಡಲೇ ಅದರ ಅಂಕಿಗಳು 496, 503, 499 ಎಂದು ಒಂದು ಗಳಿಗೆ ತುಯ್ದಾಡಿ 500ಕ್ಕೆ ಬಂದು ನಿಲ್ಲುತ್ತವೆ.