ಚಿತ್ರಕ್ಕೊಂದು ಗೋಡೆ ಕೊಡಿ



ಚಿತ್ರಕಲಾ ಪ್ರದರ್ಶನ ಎಂದರೆ ಕಲಬುರಗಿಯಲ್ಲಿ ನಡೆಯಬೇಕು, ಇಲ್ಲವೇ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ನಡೆಯಬೇಕು ಎಂಬ ರೂಢಿಯನ್ನು ಕೋಡ್ಲಾದಲ್ಲಿ ಈ ಪ್ರದರ್ಶನ ಇಟ್ಟು ನೀವು ಮುರಿದಿದ್ದೀರಿ. ಅದಕ್ಕೆ ನಿಮಗೆಲ್ಲ ಮೊದಲು ಅಭಿನಂದನೆ. ಹೀಗೆ ಮುರಿಯುವುದು ಏಕೆ ಅಗತ್ಯವಾಗಿತ್ತು ಎನ್ನುವುದನ್ನೇ ಇವತ್ತು ಹೇಳಬೇಕೆಂದು ಬಂದಿದ್ದೇನೆ.

ನಮ್ಮ ಕಲಬುರಗಿಗೆ ಕಲಾವಿದರ ಬರ ಎಂದೂ ಬಂದಿಲ್ಲ. 1916ರಲ್ಲಿ ಅಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದರು, 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟಗಳನ್ನು ಬರೆದರು, ಪುರಾಣದ ಪಾತ್ರಗಳನ್ನು ಕ್ಯಾಲೆಂಡರ್ ಮೂಲಕ ಮನೆಮನೆಗೆ ತಲುಪಿಸಿದರು. ಕೊನೆಗೆ ಮರಳಿ ಕಲಬುರಗಿಗೇ ಬಂದು ನೆಲೆಸಿದರು. ಇಂದು ಅಲ್ಲಿನ ರಂಗಮಂದಿರಕ್ಕೆ ಅವರದೇ ಹೆಸರು. ಅವರ ನಂತರದ ತಲೆಮಾರಿನಲ್ಲಿ ವಿ.ಜಿ. ಅಂದಾನಿಯವರು ಐಡಿಯಲ್ ಫೈನ್ ಆರ್ಟ್ ಸಂಸ್ಥೆ ಕಟ್ಟಿದರು. ಜೆ.ಎಸ್. ಖಂಡೇರಾವ್ ಅವರು ಎಂ.ಎಂ.ಕೆ. ದೃಶ್ಯಕಲಾ ಕಾಲೇಜನ್ನು ಬೆಳೆಸಿದರು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲೆಯ ವಿಭಾಗವೇ ಇದೆ. ಅಲ್ಲಿಂದ ಹೊರಬರುವ ಹುಡುಗ ಹುಡುಗಿಯರು ಕ್ಯಾನ್ವಾಸು, ಬಣ್ಣಕ್ಕಷ್ಟೇ ನಿಂತಿಲ್ಲ. ಕಲ್ಲು, ಕಬ್ಬಿಣ, ಹಳೆ ಬಟ್ಟೆ, ವಿಡಿಯೊ, ಏನು ಸಿಕ್ಕರೂ ಅದರಲ್ಲಿ ತಮ್ಮ ಮಾತು ಹೇಳುತ್ತಿದ್ದಾರೆ.

ಹಾಗಾದರೆ ಕೊರತೆ ಎಲ್ಲಿದೆ? ನಗರದ ಒಂದು ಪ್ರದರ್ಶನಕ್ಕೆ ಹೋಗಿ ನೋಡಿ. ಬಿಡಿಸಿದವರೂ ನಾವೇ, ನೋಡುವವರೂ ನಾವೇ. ಉದ್ಘಾಟನೆಯ ದಿನ ಹಾರ, ಶಾಲು, ಫೋಟೊ ಎಲ್ಲ ಆಗುತ್ತದೆ. ಮರುದಿನ ಹಾಲ್‌ನಲ್ಲಿ ಕಲಾವಿದ ಒಬ್ಬನೇ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ನಾಲ್ಕು ದಿನ ಕಳೆದ ಮೇಲೆ ಚಿತ್ರಗಳನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಮನೆಗೆ ಒಯ್ಯುತ್ತಾನೆ. ಎರಡು ವರ್ಷ ಹೀಗೆ ನಡೆದರೆ ಮೂರನೆಯ ವರ್ಷ ಬೆಂಗಳೂರಿನ ರೈಲು ಹತ್ತುತ್ತಾನೆ, ಇಲ್ಲವೇ ಬ್ರಷ್ಷನ್ನೇ ಬಿಡುತ್ತಾನೆ. ಇದನ್ನು ಕಂಡು ನನಗೆ ಸಂಕಟವಾಗುತ್ತದೆ. ನಮ್ಮಲ್ಲಿ ಕಲಾವಿದರಿದ್ದಾರೆ, ಅವರಿಗೆ ಆಸರೆಯಾಗುವ ಮನೆಗಳಿಲ್ಲ.

ಈ ನೆಲ ಮೊದಲಿನಿಂದಲೂ ಹೀಗಿರಲಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿ ನಿಮಗೆ ಗೊತ್ತು, ಚಂದ್ರಲಾಂಬೆಯ ದರ್ಶನಕ್ಕೆ ಹೋಗಿಬಂದವರು ಇಲ್ಲಿ ಎಷ್ಟೋ ಜನ ಇದ್ದೀರಿ. ಅದರ ಪಕ್ಕದಲ್ಲೇ ಕನಗನಹಳ್ಳಿ. ಅಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಬೌದ್ಧರ ಮಹಾಚೈತ್ಯ ಹೊರಬಂತು. ಅದರಲ್ಲೊಂದು ಫಲಕದಲ್ಲಿ ರಾಜ ರಾಣಿ ನಿಂತಿದ್ದಾರೆ, ಸುತ್ತ ಸೇವಕಿಯರಿದ್ದಾರೆ. ಮೇಲೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೊ' ಎಂದು ಕೊರೆದಿದೆ. ಅಶೋಕ ಚಕ್ರವರ್ತಿಯ ಹೆಸರನ್ನು ಬರೆದೇ ತೋರಿಸಿದ ಶಿಲ್ಪ ಸಿಕ್ಕಿದ್ದು ಪಾಟಲಿಪುತ್ರದಲ್ಲಲ್ಲ, ನಮ್ಮ ಭೀಮಾ ನದಿಯ ದಂಡೆಯಲ್ಲಿ! ಅಲ್ಲಿಯ ಶಾಸನಗಳಲ್ಲಿ ದಾನಿಗಳ ಹೆಸರುಗಳಿವೆ. ಒಬ್ಬನೇ ರಾಜನ ಬೊಕ್ಕಸದಿಂದ ಎದ್ದ ಚೈತ್ಯ ಅದಲ್ಲ, ಹತ್ತಾರು ಕೈಗಳು ಕೊಟ್ಟಿದ್ದು ಕೂಡಿ ಎದ್ದದ್ದು.

ಇನ್ನು ನಮ್ಮ ಮಳಖೇಡ. ಕವಿರಾಜಮಾರ್ಗದ ಮಾತನ್ನು ಎಲ್ಲ ವೇದಿಕೆಗಳಲ್ಲೂ ಕೇಳಿದ್ದೀರಿ, ನಾನು ಇನ್ನೊಬ್ಬ ಕವಿಯನ್ನು ನೆನೆಯುತ್ತೇನೆ. ಹತ್ತನೆಯ ಶತಮಾನದಲ್ಲಿ ಪುಷ್ಪದಂತ ಎಂಬ ಅಪಭ್ರಂಶ ಕವಿ ಅಲೆಯುತ್ತ ಮಾನ್ಯಖೇಟಕ್ಕೆ, ಅಂದರೆ ಇದೇ ಮಳಖೇಡಕ್ಕೆ, ಬಂದ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ಭರತ ಅವನನ್ನು ತನ್ನ ಮನೆಯಲ್ಲಿ ಇರಿಸಿಕೊಂಡ. ಆ ಆಸರೆಯಲ್ಲಿ ಕವಿ 965ರ ಹೊತ್ತಿಗೆ ಮಹಾಪುರಾಣ ಬರೆದು ಮುಗಿಸಿದ. ಕೆಲವೇ ವರ್ಷಗಳಲ್ಲಿ, 972ರಲ್ಲಿ, ಪರಮಾರರ ಸೀಯಕ ನುಗ್ಗಿ ಮಾನ್ಯಖೇಟವನ್ನು ಸೂರೆ ಮಾಡಿದ. ಅರಮನೆ ಹೋಯಿತು, ಕಾವ್ಯ ಉಳಿಯಿತು. ಭರತನ ಹೆಸರು ಇಂದಿಗೂ ಉಳಿದಿರುವುದು ಅವನ ಮಂತ್ರಿ ಪದವಿಯಿಂದಲ್ಲ, ಒಬ್ಬ ಕವಿಗೆ ಇರಲು ಜಾಗ ಕೊಟ್ಟಿದ್ದರಿಂದ.

ಇನ್ನು ನನ್ನ ಚಿತ್ರಗಳ ಮಾತು. ನಿಮಗೆ ಸ್ಫೂರ್ತಿ ಎಲ್ಲಿಂದ ಎಂದು ಸಂಘಟಕರು ನನ್ನನ್ನು ಕೇಳಿದ್ದರು. ಶಹಾಬಾದಿನ ಕಲ್ಲಿನ ಖಣಿಯಿಂದ. ಫರ್ಸಿ ಎಬ್ಬಿಸುವುದನ್ನು ನೀವೆಲ್ಲ ನೋಡಿದ್ದೀರಿ, ಆದರೂ ಒಮ್ಮೆ ನಿಂತು ನೋಡಿ. ಕೆಲಸದವನು ಪದರಿನ ಅಂಚಿಗೆ ಉಳಿ ಇಟ್ಟು ಮೆಲ್ಲಗೆ ಬಡಿಯುತ್ತಾನೆ, ಸಪ್ಪಳ ಕೇಳುತ್ತಾನೆ, ಒಂದು ಗೇಣು ಸರಿದು ಮತ್ತೆ ಬಡಿಯುತ್ತಾನೆ. ಕಲ್ಲು ಬಿಟ್ಟುಕೊಂಡಿತೆಂದು ಸಪ್ಪಳದಿಂದಲೇ ಅವನಿಗೆ ತಿಳಿಯುತ್ತದೆ. ಆಮೇಲೆ ಹಾರೆ ಹಾಕಿ ಎಬ್ಬಿಸಿದರೆ ಹಾಳೆಯಂತೆ ಏಳುತ್ತದೆ. ಕೋಟ್ಯಂತರ ವರ್ಷ ಕತ್ತಲಲ್ಲಿದ್ದ ಆ ಮೈಗೆ ಆಗ ಮೊದಲ ಸಲ ಬಿಸಿಲು ತಾಗುತ್ತದೆ. ಹಸಿ ಇದ್ದಾಗ ಅದು ನೀಲಿ ಕೂಡಿದ ಬೂದು, ಒಣಗುತ್ತ ಹೋದಂತೆ ಬಿಳುಪು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿ, ಬಿಳಿ ಕೂಡಿಸಿ, ಆ ಬೂದು ಬಣ್ಣಕ್ಕಾಗಿ ವರ್ಷಗಟ್ಟಲೆ ಒದ್ದಾಡಿದ್ದೇನೆ. ಬಣ್ಣದ ಟ್ಯೂಬು ಅದನ್ನು ಕೊಡುವುದಿಲ್ಲ, ಖಣಿಯ ದಂಡೆಯ ಮೇಲೆ ಕೂತವನ ಕಣ್ಣು ಕೊಡುತ್ತದೆ.

ಬಣ್ಣ ಕಲಿಯಲು ಎಲ್ಲಿಗೂ ಹೋಗಬೇಕಾಗಿಲ್ಲ ಮಕ್ಕಳೇ. ಕರಿ ಎರೆಹೊಲದಲ್ಲಿ ತೊಗರಿ ಹೂ ಬಿಟ್ಟಾಗ ಹೋಗಿ ನೋಡಿ. ದೂರಕ್ಕೆ ಬರೀ ಹಳದಿ. ಹತ್ತಿರ ಬಂದರೆ ಕೆಲವು ತಳಿಗಳ ಎಸಳಿನ ಹಿಂಬದಿಗೆ ಕೆಂಪು ಗೆರೆಗಳಿವೆ. ಚಿಂಚೋಳಿಯ ತಾಂಡಾಗಳಲ್ಲಿ ಅವ್ವಂದಿರು ಕಾಂಚಳಿಗೆ ಕನ್ನಡಿ ಹೊಲಿಯುವಾಗ ಯಾವ ಬಣ್ಣದ ಪಕ್ಕ ಯಾವ ಬಣ್ಣ ಇಡುತ್ತಾರೆಂದು ಗಮನಿಸಿ. ಕಾಲೇಜಿನಲ್ಲಿ ನಾವು ಪುಸ್ತಕ ಓದಿ ಕಲಿತ ವರ್ಣಸಂಯೋಜನೆ ಅವರ ಕೈಯಲ್ಲಿದೆ. ಕಾರ್ಖಾನೆಯ ಧೂಳು ಕೂತ ಬೇವಿನ ಮರವನ್ನೂ ಬಿಡಿಸಿ, ಅದೂ ನಮ್ಮ ಊರೇ. ಇಲ್ಲಿ ತೂಗುಹಾಕಿರುವ ಚಿತ್ರಗಳನ್ನು ಒಂದು ಸುತ್ತು ನೋಡಿದೆ. ಹಿಮದ ಬೆಟ್ಟ, ತೆಂಗಿನ ತೋಟ, ಸೂರ್ಯಾಸ್ತದ ಸಮುದ್ರ ಹೆಚ್ಚಿವೆ. ಕೈ ಪಳಗಲು ಅವು ಇರಲಿ. ಮುಂದಿನ ವರ್ಷ ಕಾಗಿಣಾ ನದಿ ಬರಲಿ, ಫರ್ಸಿ ತುಂಬಿದ ಲಾರಿ ಬರಲಿ, ರಾಶಿ ಮಾಡುವ ನಿಮ್ಮ ಅಪ್ಪ ಬರಲಿ.

ಇಲ್ಲಿರುವ ಸಿಮೆಂಟ್ ಕಾರ್ಖಾನೆಗಳ ಅಧಿಕಾರಿಗಳಿಗೆ ಒಂದು ಮಾತು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಸರಾಸರಿಯಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಅದರ ಪಟ್ಟಿಯಲ್ಲಿ ಕಲೆ ಮತ್ತು ಸಂಸ್ಕೃತಿಯೂ ಇದೆ. ಶಾಲೆಗೆ ಕೋಣೆ ಕಟ್ಟಿಸುವಾಗ ಒಂದು ಕೋಣೆಯನ್ನು ಚಿತ್ರಕ್ಕೆಂದು ಬಿಡಿ, ಬಣ್ಣ ಮತ್ತು ಕಾಗದ ಇಡಿ. ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಗೆ ವಾರದಲ್ಲಿ ಎರಡು ದಿನ ಒಬ್ಬ ಕಲಾವಿದನನ್ನು ಕಳಿಸಿ, ಅವನ ಖರ್ಚು ನೋಡಿಕೊಳ್ಳಿ.

ಊರವರಲ್ಲಿ ನನ್ನ ವಿನಂತಿ ಇನ್ನೂ ಸಣ್ಣದು. ಮದುವೆಗೆ, ಗೃಹಪ್ರವೇಶಕ್ಕೆ ಆಯೇರಿ ಮಾಡುತ್ತೀರಿ. ಈ ವರ್ಷ ಒಂದು ಮನೆಗಾದರೂ ಇಲ್ಲಿಯ ಹುಡುಗ ಅಥವಾ ಹುಡುಗಿ ಬಿಡಿಸಿದ ಚಿತ್ರವನ್ನು ಚೌಕಟ್ಟು ಹಾಕಿಸಿ ಕೊಡಿ. ದುಡ್ಡು ಕೊಟ್ಟೇ ತೊಗೊಳ್ಳಿ, ಪುಕ್ಕಟೆ ಕೇಳಬೇಡಿ. ಪ್ರತಿ ಚಿತ್ರದ ಕೆಳಗೆ ಬಿಡಿಸಿದವರ ಹೆಸರಿದೆ, ಅವರು ಪಕ್ಕದಲ್ಲೇ ನಿಂತಿರುತ್ತಾರೆ, ಮಾತಾಡಿಸಿ. ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಘೋಷಿಸುತ್ತಿದ್ದೇನೆ. ಬನ್ನಿ, ಒಳಗೆ ಹೋಗಿ ನೋಡೋಣ.